ಎಡಗಿವಿಗೆ ಹಾಕದ ಔಷಧ

ಕಾಕುವಿನ ಎಣ್ಣೆಯಿಂದ ಬೆಕ್ಕು ಸತ್ತಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಸವಕಲ್ಯಾಣದ ನಮ್ಮ ಓಣಿಯಲ್ಲೂ ಅದೇ ಮಾತು. ಯಾರು ಕಂಡರು? ಆಧಾರ ಏನು? — ಬೇರೆ ಯಾವ ಮಾತಿಗಾದರೂ ನಾನು ಈ ಪ್ರಶ್ನೆ ಕೇಳದೆ ಬಿಡುವವನಲ್ಲ. ಇದೊಂದನ್ನು ಮಾತ್ರ ಇಷ್ಟು ವರ್ಷ ಬಿಟ್ಟಿದ್ದೇನೆ. ಆಧಾರ ಒದಗಿಸಿದವನು ನಾನೇ, ಮತ್ತು ಅದು ಸುಳ್ಳು. ಬೆಕ್ಕಿನ ಎಡಗಿವಿಗೆ ನಾನು ಔಷಧ ಹಾಕಲಿಲ್ಲ. ಹಾಕಿದ್ದೇನೆ ಎಂದೆ.

ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಓಣಿಯ ಯಾವ ಮಗುವಿಗೆ ಕಿವಿ ನೋವು ಬಂದರೂ ತಾಯಂದಿರು ಅವಳ ಬಳಿಗೇ ಎತ್ತಿಕೊಂಡು ಬರುತ್ತಿದ್ದರು. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಕಾಯಿಸಿ, ಆರಿಸಿ, ಮಾಣಿಕನಗರದ ಪ್ರಭುವಿನ ಹೆಸರು ಹೇಳಿ ಹತ್ತಿಯಿಂದ ಹನಿ ಬಿಡುತ್ತಿದ್ದಳು. ಮಗು ಅವಳ ತೊಡೆಯ ಮೇಲೇ ನಿದ್ದೆ ಹೋಗುತ್ತಿತ್ತು. ಓಣಿಯಲ್ಲಿ ಅವಳಿಗಿದ್ದ ಮರ್ಯಾದೆ ಅದೊಂದೇ.

ನಾನು ಆಗ ಹುಮನಾಬಾದಿನಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಸೂಟಿಗೆ ಮನೆಗೆ ಬಂದರೂ ಎದುರಾಳಿ ಬೇಕೆನಿಸುತ್ತಿತ್ತು. ಕಾಕು ಸಿಕ್ಕಳು.

ಆ ಸೂಟಿಯಲ್ಲಿ ಅವಳ ಬೆಕ್ಕು ಭೂರಿ ತಲೆ ಕೊಡವಲು ಶುರುಮಾಡಿತು. ಎರಡೂ ಕಿವಿಯಲ್ಲಿ ಕಪ್ಪು ಗುಗ್ಗೆ, ವಾಸನೆ. ನಾನು ದನದ ದವಾಖಾನೆಯಿಂದ ಒಂದು ಸೀಸೆ ಔಷಧ ತಂದೆ. ಅವಳು ಎಣ್ಣೆ ಕಾಯಿಸಿದಳು.

"ಒಂದು ಕಿವಿ ನಿಂದು, ಒಂದು ಕಿವಿ ನಂದು," ಎಂದೆ ನಾನು. "ಯಾವುದು ನೆಟ್ಟಗ ಆಗ್ತದ ನೋಡಮು."

"ಏ ವಕೀಲಸಾಬ, ಬೆಕ್ಕ ಒಂದೇ ಅದಲ್ಲೋ. ಅದಕ್ಕೇನ್ ನಿನ್ನ ಭಾಷಣ ತಿಳಿತದೇನು?" ಎಂದು ನಕ್ಕಳು. ನಕ್ಕರೂ ಒಪ್ಪಿದಳು.

ಬೆಕ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳು ಹಿಡಿಯುತ್ತಿದ್ದಳು. ನಾನು ಸೀಸೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ, ಬಲಗಿವಿ ಎತ್ತಿ ಹನಿ ಬಿಟ್ಟು, ಕಿವಿಯ ಬುಡವನ್ನು ಮೆಲ್ಲಗೆ ತಿಕ್ಕುತ್ತಿದ್ದೆ. ಎಡಗಿವಿಗೆ ಅವಳ ಎಣ್ಣೆ. ಕೆಲವೇ ದಿನಗಳಲ್ಲಿ ಬಲಗಿವಿ ಸ್ವಚ್ಛವಾಯಿತು. ಎಡಗಿವಿಯಲ್ಲಿ ಕೀವು ಕಾಣಿಸಿತು. ನಾನು ಗೆದ್ದಿದ್ದೆ.

ಅಲ್ಲಿಗೆ ಮುಗಿಯಬೇಕಿತ್ತು — ಕಾಕು ಮುಗಿಸಿಯೂ ಇದ್ದಳು. ನಾರಾಯಣಪುರದಲ್ಲಿ ಅವಳ ತಂಗಿಗೆ ಹುಷಾರಿರಲಿಲ್ಲ. ಹೊರಡುವ ಮುಂಚೆ ಎಣ್ಣೆಯ ಬಟ್ಟಲನ್ನು ತಾನೇ ತೊಳೆದು ಕವುಚಿಟ್ಟಳು.

"ನಾ ಸೋತೆನಪ್ಪ. ಎಡಗಿವಿಗೂ ನಿನ್ನ ದವಾನೇ ಹಾಕು. ಮರಿಬ್ಯಾಡ."

"ಹಾಕ್ತೀನಿ, ನೀ ಹೋಗು."

ಮರೆತೆ ಎಂದು ಬರೆಯಬಹುದಿತ್ತು — ಮರೆತಿರಲಿಲ್ಲ. ದಿನವೂ ಬಲಗಿವಿಗೆ ಬಿಟ್ಟು, ಎಡಗಿವಿಯನ್ನು ನೋಡಿ, ಸೀಸೆಯ ಮುಚ್ಚಳ ತಿರುಗಿಸಿ ಮುಚ್ಚಿಬಿಡುತ್ತಿದ್ದೆ. ಸೋತೆ ಎಂದು ಅವಳೊಬ್ಬಳು ಅಂದದ್ದು ನನಗೆ ಸಾಲಲಿಲ್ಲ. ಎಡಗಿವಿ ಇನ್ನಷ್ಟು ಕೆಡಲಿ, ಓಣಿಯ ಹೆಂಗಸರು ಕಣ್ಣಾರೆ ನೋಡಲಿ, ಹುಮನಾಬಾದಿನ ವೇದಿಕೆಯ ಮೇಲೆ ಹೇಳಲು ನನಗೊಂದು ಪಕ್ಕಾ ಉದಾಹರಣೆ ಸಿಗಲಿ — ಭೂರಿ ಕಿವಿಯನ್ನು ಗೋಡೆಗೆ ಒರೆಸುತ್ತ ಕೂಗುತ್ತಿದ್ದಾಗ ನಾನು ವಾಕ್ಯ ಜೋಡಿಸುತ್ತಿದ್ದೆ.

ಕಾಕು ಮರಳಿ ಬರುವ ಹೊತ್ತಿಗೆ ಅದರ ತಲೆ ಎಡಕ್ಕೆ ವಾಲಿತ್ತು. ನಡೆದರೆ ಸುತ್ತು ಹೊಡೆಯುತ್ತಿತ್ತು, ಮುಂದಿಟ್ಟ ಹಾಲಿಗೂ ಬಾಯಿ ತಾಗುತ್ತಿರಲಿಲ್ಲ.

"ಎಡಗಿವಿಗಿ ಹಾಕಿದೇನಪ್ಪಾ?"

"ಎರಡಕ್ಕೂ ಹಾಕೇನಿ, ಕಾಕು."

ನೋಡಲು ಬಂದಿದ್ದ ಪಕ್ಕದ ಮನೆಯಾಕೆ ತಕ್ಷಣ ತೀರ್ಪು ಕೊಟ್ಟಳು: "ಹಂಗಾದ್ರ ನಿಮ್ಮ ಎಣ್ಣಿನೇ ಮೊದಲ ಒಳಗ ಸುಟ್ಟದ ಬಿಡ್ರಿ."

ಔಷಧ ಎರಡಕ್ಕೂ ಬಿದ್ದಿದೆ, ಒಂದೇ ವಾಸಿಯಾಗಿದೆ, ಆದ್ದರಿಂದ ಇನ್ನೊಂದನ್ನು ಕೆಡಿಸಿದ್ದು ಎಣ್ಣೆ — ಆಕೆಯ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಒಂದು ಮಾತಿನಲ್ಲಿ. ಅಂದಿನಿಂದ ನಿಜವಾಗಿಯೂ ಎರಡೂ ಕಿವಿಗೆ ಹಾಕಿದೆ. ತಡವಾಗಿತ್ತು. ಒಂದು ಬೆಳಿಗ್ಗೆ ಭೂರಿ ಒಲೆಯ ಪಕ್ಕದಲ್ಲಿ ಸತ್ತು ಬಿದ್ದಿತ್ತು. ಸೂಟಿ ಮುಗಿಸಿ ಹೋದವನು ಹುಮನಾಬಾದಿನ ಸ್ಪರ್ಧೆಯಲ್ಲಿ ಕಾಕುವಿನ ಎಣ್ಣೆಯ ಕಥೆ ಹೇಳಿದೆ. ಸಭೆ ನಕ್ಕಿತು. ಬಹುಮಾನ ಬಂತು.

ಎಣ್ಣೆಯಿಂದ ಕೀವು ವಾಸಿಯಾಗುವುದಿಲ್ಲ — ಇವತ್ತಿಗೂ ನನ್ನ ವಾದ ಅದೇ. ಆದರೆ ವಾದ ಸರಿಯಿದ್ದ ಮಾತ್ರಕ್ಕೆ ನಾನು ಮಾಡಿದ್ದು... ಇಲ್ಲ, ಆ ದಾರಿಯಲ್ಲಿ ಹೋಗುವುದು ಬೇಡ. ತಾಯಂದಿರು ಕಾಕುವಿನ ಬಳಿಗೆ ಬರುವುದು ನಿಂತೇಹೋಯಿತು. ಮೊನ್ನೆ ಅಣ್ಣನ ಮಗು ಕಿವಿ ಹಿಡಿದುಕೊಂಡು ಅಳುತ್ತಿತ್ತು. ಕಾಕು ಬರೀ ಎತ್ತಿಕೊಳ್ಳಲು ಕೈ ಚಾಚಿದಳು. ಅತ್ತಿಗೆ ಮಗುವನ್ನು ಸರಕ್ಕನೆ ಎಳೆದುಕೊಂಡಳು. "ಬ್ಯಾಡ್ರಿ. ನೀವು ಮುಟ್ಟಬ್ಯಾಡ್ರಿ." ಕಾಕು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ನಾನು ಅಲ್ಲೇ ಇದ್ದೆ.

ಇನ್ನು ಅತ್ತಿಗೆಗೂ ಓಣಿಗೂ ನಾನೇ ಹೇಳುತ್ತೇನೆ. ಕ್ಷಮೆ ಮಾತ್ರ ಕೇಳಲಾರೆ ಕಾಕು — ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಅವತ್ತು ನಾನು ಎರಡಕ್ಕೂ ಹಾಕೇನಿ ಎಂದಮೇಲೆ, ನೀನು ಸೀಸೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಔಷಧ ಎಷ್ಟು ಇಳಿದಿದೆ, ಎಷ್ಟು ಉಳಿದಿದೆ ಎಂದು ಯಾರಿಗಾದರೂ ಕಾಣುವಂತಿತ್ತು. ನೀನು ಏನೂ ಅನ್ನದೆ ಅದನ್ನು ಗೂಡಿನಲ್ಲಿಟ್ಟು, ಹೆಂಗಸರು ಆಡಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡೆ.

ಕಾಕು, ನಿನಗೆ ಆಗಲೇ ಗೊತ್ತಾಗಿತ್ತೇ?