ಕತ್ತರಿಗೆ ಕಾಣದ ಮೊಗ್ಗು

ಬೀದಿಯವರಿಗೆಲ್ಲ ಅವನು ಕತ್ತರಿ. ಎದುರಿಗೆ ಕತ್ತರಿಯಣ್ಣ, ಬೆನ್ನ ಹಿಂದೆ ಬರೀ ಕತ್ತರಿ. ಅವನ ಕಟಿಂಗ್ ಶಾಪಿನಲ್ಲಿ ಕುರ್ಚಿಗಳು ಮೂರಿದ್ದರೂ ಕೆಲಸ ಮಾಡುವವನು ಅವನೊಬ್ಬನೇ. ಉಳಿದೆರಡು ಪುಕ್ಕಟೆ ಪೇಪರ್ ಓದುವವರ ಪಾಲು. ಕೂತವರನ್ನು ‘ಎಷ್ಟು ತೆಗೀಲಿ’ ಎಂದು ಅವನು ಯಾವತ್ತೂ ಕೇಳಿದವನಲ್ಲ. ಯಾರಾದರೂ ಬಾಯಿಬಿಟ್ಟು, “ಹಿಂದೆ ಸ್ವಲ್ಪ ಉದ್ದ ಇರಲಿ” ಎಂದರೆ, “ಬಟ್ಟೆ ಹೊದಿಸೋವರೆಗೆ ತಲೆ ನಿಮ್ದು, ಆಮೇಲೆ ನಂದು” ಎನ್ನುತ್ತಿದ್ದ. ಜನ ನಗುತ್ತ ತಲೆ ಒಪ್ಪಿಸುತ್ತಿದ್ದರು. ಕೆಲಸ ಚೊಕ್ಕಟವಾಗಿತ್ತು, ಅದನ್ನು ಒಪ್ಪಲೇಬೇಕು.

ಅಂಗಡಿಯ ಕಿಟಕಿಕಟ್ಟೆಯ ಮೇಲೆ ಅವನ ಜೇಡ್ ಗಿಡಗಳಿದ್ದವು. ಅಂಗೈಯಗಲದ ಕುಂಡಗಳಲ್ಲಿ ಗೇಣುದ್ದದ ಮರಗಳು. ಎಲೆಯಲ್ಲೂ ಕಾಂಡದಲ್ಲೂ ನೀರು ತುಂಬಿಕೊಂಡು ಉಬ್ಬಿ ನಿಲ್ಲುವ ಗಿಡ ಅದು. ದಿನಾ ನೀರು ಸುರಿದು ಮುದ್ದು ಮಾಡಿದವರ ಕೈಯಲ್ಲಿ ಕೊಳೆಯುತ್ತದೆ, ಮರೆತವರ ಕೈಯಲ್ಲಿ ಬದುಕುತ್ತದೆ. ಮುರಿದ ಕಡ್ಡಿಯನ್ನು ನೆರಳಲ್ಲಿಟ್ಟು, ಗಾಯ ಒಣಗಿದ ಮೇಲೆ ಮರಳುಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ತುದಿ ಕತ್ತರಿಸಿದ ಕಡೆ ಎರಡು ಕವಲು ಒಡೆಯುತ್ತದೆ. ಈ ಗುಣವೇ ಕತ್ತರಿಗೆ ಹಿಡಿಸಿದ್ದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೀಸೆ ಕತ್ತರಿ ಹಿಡಿದು ಅವುಗಳ ತಲೆಯನ್ನೂ ಸವರುತ್ತಿದ್ದ. ಜೇಡ್ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಅವನೇ ಊರಿಗೆಲ್ಲ ಹೇಳಿದ್ದ. ಯಾರೂ ಇಲ್ಲವೆಂದಿರಲಿಲ್ಲ.

ಆ ಗಿಡಗಳಿಗೆಲ್ಲ ತಾಯಿ ಅವನ ಅಕ್ಕನ ಮನೆಯಲ್ಲಿತ್ತು. ಭಾವ ಬದುಕಿದ್ದಾಗ ಯಾರದೋ ಕಾಂಪೌಂಡಿನಿಂದ ಕಡ್ಡಿ ಮುರಿದು ತಂದು ನೆಟ್ಟದ್ದು. “ಇದು ಹೂ ಬಿಡುತ್ತೆ ಕಣೇ, ಸುಮ್ನೆ ಬಿಟ್ರೆ” ಎಂದಿದ್ದರು. “ಎಲೆಗೇ ಬೊಜ್ಜು ಬಂದಿದೆ, ಇದೆಲ್ಲಿ ಹೂ ಬಿಡುತ್ತೆ” ಎಂದು ಅಕ್ಕ ನಕ್ಕಿದ್ದಳು. ಭಾವನ ಹತ್ತು ಮಾತಿನಲ್ಲಿ ಒಂಬತ್ತು ತಮಾಷೆ, ಇದೂ ಅದರಲ್ಲೊಂದು ಎಂದು ಕತ್ತರಿಯೂ ನಕ್ಕಿದ್ದ. ಭಾವ ಹೋದರು. ಅಂದಿನಿಂದ ಅಕ್ಕ ಆ ಗಿಡಕ್ಕೆ ಕತ್ತರಿ ಸೋಕಿಸಲಿಲ್ಲ. ಅದು ಬೇಕಾದ ಕಡೆ ಬೇಕಾದ ಹಾಗೆ ಬೆಳೆದು, ಕುಂಡ ಬಿಟ್ಟು ಆಚೆ ವಾಲಿ ನಿಂತಿತ್ತು.

“ತಲೆ ಬಾಚದ ಹುಡುಗಿ ಹಾಗಿದೆ ನಿನ್ನ ಗಿಡ. ಅರ್ಧ ಗಂಟೆ ನನ್ನ ಕೈಗೆ ಕೊಡು, ಸಾಕು” ಎಂದು ಹೋದಾಗಲೆಲ್ಲ ಕೇಳುತ್ತಿದ್ದ.

“ನಿನ್ನ ಕೈ ನಂಗೊತ್ತಿಲ್ವಾ? ನನ್ನ ಗೊಂಬೆ ತಲೆ ಬೋಳಿಸಿದ ಕೈ ತಾನೆ ಅದು” ಎನ್ನುತ್ತಿದ್ದಳು ಅಕ್ಕ.

ಅಂಥ ಅಕ್ಕ ಒಂದು ಚಳಿಗಾಲದಲ್ಲಿ ತಾನಾಗಿಯೇ ಆ ಗಿಡವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಅಂಗಡಿಗೆ ಬಂದಳು. ಮರುದಿನ ಮಂಡಿಯ ಆಪರೇಷನ್, ಆಮೇಲೆ ನಡೆದಾಡುವ ತನಕ ಮಗಳ ಮನೆ.

“ನೀರು ಕಮ್ಮಿ ಹಾಕು. ಬೇರೆ ಏನೂ ಮಾಡ್ಬೇಡ.”

“ಏನೂ ಮಾಡಲ್ಲ, ಹೋಗ್ಬಾ ನೀನು.”

“ಏನೂ ಅಂದ್ರೆ ಏನೂ.”

“ಆಯ್ತಕ್ಕಾ. ಬರೆದುಕೊಡ್ಲಾ?”

ಅಕ್ಕ ಬಾಗಿಲಲ್ಲಿ ನಿಂತು ಇನ್ನೇನೋ ಹೇಳುವವಳಂತೆ ತಿರುಗಿದಳು. ಒಳಗೊಳಗೇ ನಗುತ್ತ ಹೊರಟುಹೋದಳು.

ಕೆಲವು ದಿನ ಅವನು ಮಾತು ಉಳಿಸಿಕೊಂಡ, ಪಾಪ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕನ್ನಡಿಯ ಪಕ್ಕದಲ್ಲೇ ಗಿಡ. ಯಾರ ತಲೆ ಸವರುತ್ತಿದ್ದರೂ ಕಣ್ಣು ಅದರ ಕೆದರಿದ ತಲೆಗೇ ಹೋಗುತ್ತಿತ್ತು. ಮೇಲಾಗಿ ಕವಲುಗಳ ತುದಿಯಲ್ಲಿ ಹೊಸ ಎಲೆಯ ಬದಲು ಏನೋ ಸಣ್ಣ ಸಣ್ಣ ಕಾಳಿನಂಥದ್ದು, ಪೇಲವ ಗುಲಾಬಿ ಬಣ್ಣದ್ದು, ಗುಂಪುಗುಂಪಾಗಿ ಕಟ್ಟಿಕೊಂಡಿತ್ತು. ತನ್ನ ಗಿಡಗಳಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ಹುಳು ಬಿದ್ದು ತುದಿ ಮುರುಟಿದೆ ಎಂದು ತೀರ್ಮಾನಿಸಿದ. ತೀರ್ಮಾನಕ್ಕೆ ಅವನಲ್ಲಿ ಬರವಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಅಕ್ಕ ಬಂದು ನೋಡಿ ಬೆರಗಾಗಲಿ ಎಂದುಕೊಂಡು ಕತ್ತರಿ ಎತ್ತಿದ. ವಾಲಿದ್ದನ್ನು ತೆಗೆದ, ಅಡ್ಡ ಬಂದದ್ದನ್ನು ತೆಗೆದ, ಕಾಳುಕಟ್ಟಿದ ತುದಿಗಳನ್ನು ಒಂದೂ ಬಿಡದೆ ತೆಗೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪೇಪರ್ ಓದುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಕನ್ನಡಕ ಎತ್ತಿ, “ಈಗ ನೋಡಪ್ಪ, ಮರ ಅಂದ್ರೆ ಮರ” ಎಂದ. ಕತ್ತರಿ ಉಬ್ಬಿಹೋದ. ಕತ್ತರಿಸಿದ್ದನ್ನೆಲ್ಲ ನೆಲದ ಕೂದಲಿನ ಜೊತೆ ಗುಡಿಸಿ ಬುಟ್ಟಿಗೆ ಹಾಕಿದ.

ಸಂಜೆ ಅಕ್ಕನ ಫೋನು ಬಂತು. ಮಂಡಿಯ ನೋವು, ಮಗಳ ಅಡುಗೆ, ಎಲ್ಲ ಆದ ಮೇಲೆ ಕೇಳಿದಳು: “ಗಿಡ ಹೇಗಿದೆಯೋ?”

“ರಾಜನ ಹಾಗಿದೆ. ಬಂದು ನೋಡು.”

“ಹೂ ಗೀ ಏನಾದ್ರೂ ಬಿಡ್ತಾ?”

“ಜೇಡ್ ಎಲ್ಲಾದ್ರೂ ಹೂ...” ಎನ್ನುತ್ತಿದ್ದವನ ಕಣ್ಣ ಮುಂದೆ ಆ ಗುಲಾಬಿ ಕಾಳುಗಳು ಬಂದವು. ವರ್ಷಗಟ್ಟಲೆ ಯಾರೂ ಮುಟ್ಟದ ಕವಲಿನ ತುದಿಗೆ ಬರುವ ಮೊಗ್ಗು, ವಾರಕ್ಕೊಮ್ಮೆ ತುದಿ ಚಿವುಟುವವನ ಅಂಗಡಿಯಲ್ಲಿ ಎಲ್ಲಿಂದ ಕಾಣಬೇಕು?

“ಇನ್ನೂ ಇಲ್ಲಕ್ಕ” ಎಂದ.

“ಸರಿ ಬಿಡು, ನಿಧಾನಕ್ಕೆ ಬಿಡಲಿ” ಎಂದು ಅಕ್ಕ ಫೋನು ಇಟ್ಟಳು.

ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಬುಟ್ಟಿಯನ್ನು ನೆಲಕ್ಕೆ ಸುರಿದ. ಊರವರ ಕೂದಲೊಳಗೆ ಕೈಯಾಡಿಸಿ ತುದಿಗಳನ್ನು ಹೆಕ್ಕಿದ. ಎಲೆಗಳು ಇನ್ನೂ ತುಂಬಿಕೊಂಡೇ ಇದ್ದವು. ತಮ್ಮನ್ನು ಕತ್ತರಿಸಿದ್ದು ಅವಕ್ಕೆ ತಿಳಿದಿರಲಿಲ್ಲ. ಒಂದು ಗೊಂಚಲಿನಲ್ಲಿ, ಎಲೆಯ ಮರೆಗೆ, ಒಂದೇ ಒಂದು ಮೊಗ್ಗು ಅರಳಿತ್ತು. ಐದು ಎಸಳು, ಬಿಳಿ, ನಡುವೆ ಇಷ್ಟೇ ಇಷ್ಟು ಗುಲಾಬಿ. ಮೇಲೆ ಯಾರದೋ ನರೆಗೂದಲು. ಭಾವ ತಮಾಷೆ ಮಾಡಿರಲಿಲ್ಲ. ಅವನಿಗೆ ತನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಎದುರಿನ ದೊಡ್ಡ ಕನ್ನಡಿಗೆ ಬೆನ್ನು ಹಾಕಿ ಕೂತುಬಿಟ್ಟ. ಆ ಕಡ್ಡಿಯನ್ನು ಬ್ಲೇಡಿನ ಡಬ್ಬಿಯೊಳಗಿಟ್ಟ.

ಆಮೇಲೆ ಅಕ್ಕ ಫೋನು ಮಾಡಿದಾಗಲೆಲ್ಲ ಸುಳ್ಳು. ಇನ್ನೂ ಇಲ್ಲಕ್ಕ, ಚಳಿ ಸಾಲದೇನೋ, ಜಾಗ ಬದಲಾಯ್ತಲ್ಲ, ಮುನಿಸಿಕೊಂಡಿದೆ. ಅಕ್ಕ ಪ್ರತಿ ಸಲವೂ ಹೌದೇನೋ ಎನ್ನುತ್ತಿದ್ದಳು. ಗಿರಾಕಿಗಳು ಗಿಡವನ್ನು ಹೊಗಳಿದರೆ ಅವನಿಗೆ ಬೈದಂತೆ ಕೇಳುತ್ತಿತ್ತು. ಕೊನೆಗೆ ಗಿಡಕ್ಕೆ ಟವಲ್ ಹೊದಿಸಿ ಮೂಲೆಗಿಟ್ಟ.

ಅಕ್ಕ ಕೋಲೂರಿಕೊಂಡು ಮನೆಗೆ ಮರಳಿದ ದಿನ ಅವನೇ ಗಿಡ ಹೊತ್ತುಕೊಂಡು ಹೋದ. ದಾರಿಯುದ್ದಕ್ಕೂ ಇಲಿ ಕಡಿದ ಕತೆಯೊಂದನ್ನು ಹೊಸೆದುಕೊಂಡಿದ್ದ. ಅಕ್ಕ ಕುಂಡವನ್ನು ಮೇಜಿನ ಮೇಲಿಡಿಸಿ, ಸುತ್ತಲೂ ತಿರುಗಿಸಿ ನೋಡಿದಳು. ಕತ್ತರಿಸಿದ ಗುರುತುಗಳ ಮೇಲೆ ಬೆರಳಾಡಿಸಿದಳು.

“ಚೆನ್ನಾಗಿ ಕಾಣ್ತಿದೆ” ಎಂದಳು.

ಅಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಆ ಎರಡು ಮಾತಿನ ಮುಂದೆ ಇಲಿಯ ಕತೆ ನಿಲ್ಲಲಿಲ್ಲ. ಜೇಬಿನಿಂದ ಬ್ಲೇಡಿನ ಡಬ್ಬಿ ತೆಗೆದು ಅವಳ ಮುಂದಿಟ್ಟ. ಹೂವು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು.

“ಹೂ ಬಿಟ್ಟಿತ್ತಕ್ಕ. ನಾನೇ ಕತ್ತರಿಸಿದೆ. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು.”

“ಗೊತ್ತು.”

ಅಕ್ಕ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಆಪರೇಷನ್‌ಗೆ ಹೋಗೋ ಮೊದ್ಲೇ ಮೊಗ್ಗು ನೋಡಿದ್ದೆ ಕಣೋ. ಪಕ್ಕದ ಮನೆಯವ್ರು ಇಟ್ಕೋತೀವಿ ಅಂದ್ರು. ನಾನೇ ಬೇಡ ಅಂದೆ. ಗಿಡ ಗಿಡ ಅಂತ ಜೀವ ಬಿಡ್ತೀಯ, ಇಷ್ಟು ವರ್ಷದಲ್ಲಿ ಒಂದು ಹೂ ಕಂಡವನಲ್ಲ. ಅರಳಿದಾಗ ಮೊದ್ಲು ನೀನೇ ನೋಡು ಅಂತ ತಂದುಕೊಟ್ಟೆ.”

ಮೊದಲು ಅವನೇ ನೋಡಿದ್ದ. ಎಲ್ಲಿ ನೋಡಿದ ಎಂದು ಅಕ್ಕ ಕೇಳಲಿಲ್ಲ. ಅಕ್ಕ ಹೂವಿಗಂಟಿದ್ದ ನರೆಗೂದಲನ್ನು ಉಗುರಿನಿಂದ ಬಿಡಿಸಿ ಪಕ್ಕಕ್ಕಿಟ್ಟಳು, ಡಬ್ಬಿ ಮುಚ್ಚಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಕತ್ತರಿ ತಂದಿದ್ದೀಯಾ?” ಎಂದಳು. “ಮಲಗಿ ಮಲಗಿ ಕೂದಲೆಲ್ಲ ಗಂಟುಕಟ್ಟಿದೆ. ಸರಿ ಮಾಡು ಬಾ.”

ಅಕ್ಕ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಳು. ಅವನು ಅವಳ ಹೆಗಲಿಗೆ ಟವಲ್ ಹೊದಿಸಿ, ಸಿಕ್ಕು ಬಿಡಿಸಿದ. ಕೂದಲ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಕತ್ತರಿ ತೆರೆದ. ಕೈ ಹಾಗೇ ನಿಂತಿತು.

“ಎಷ್ಟು ತೆಗೀಲಿ ಅಕ್ಕ?” ಎಂದು ಕೇಳಿದ.