ಎತ್ತಿನ ಕೊರಳಿಗೆ ಹೋದ ಗೆಜ್ಜೆ

ಅಕ್ಕನ ಗೆಜ್ಜೆಯನ್ನು ನಾನು ಎತ್ತಿನ ಕೊರಳಿಗೆ ಕೊಟ್ಟೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬೇರೆ ಮಾತುಗಳಲ್ಲೇ ಸುತ್ತಾಡಿಬಿಟ್ಟೇನು.

ನಮ್ಮದು ಸೋಲಾಪುರದಲ್ಲಿ ಚಾದರ, ಟಾವೆಲ್ಲಿನ ಅಂಗಡಿ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೆ. ಅಕ್ಕ ಭರತನಾಟ್ಯ ಕಲಿತಳು. ವ್ಯಾಪಾರಸ್ಥರ ಮನೆಯ ಹುಡುಗಿ ಜನರೆದುರು ಕುಣಿಯುವುದೆಂದರೆ ನಮ್ಮವರಿಗೆ ತಲೆತಗ್ಗಿಸುವ ಮಾತು. ಮದುವೆಮನೆಗಳಲ್ಲಿ ನೆಂಟರು, "ನಿಮ್ಮಕಿ ಈಗೂ ಕುಣೀತಾಳೇನ್ರಿ?" ಎಂದು ಕೇಳಿ ನಗುತ್ತಿದ್ದರು. ಅವಳು ಮದುವೆಯಾಗಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಹುಡುಗಿಯರಿಗೆ ಕಲಿಸುತ್ತ ಬಂದಳು. ಮೇಲೆ ಕಾಲಿನ ಸದ್ದು ಶುರುವಾದರೆ, ಗಿರಾಕಿಗಳಿಗೆ ಕೇಳಿಸದಿರಲೆಂದು ನಾನು ಕೆಳಗೆ ಫ್ಯಾನ್ ಜೋರು ಮಾಡುತ್ತಿದ್ದೆ.

ಮೊಣಕಾಲು ಕೆಟ್ಟ ಮೇಲೆ ಅವಳು ಕುರ್ಚಿಯಲ್ಲಿ ಕುಳಿತೇ ಕಲಿಸತೊಡಗಿದಳು. ಗೆಜ್ಜೆ ಅಂಗಡಿಯ ಅಟ್ಟ ಸೇರಿತು.

ಹಬ್ಬ ಬರುವ ಮುನ್ನ, ಮಾರಾಟವಾಗದೆ ಕೂತ ಮಾಲನ್ನು ಹೊರಡಿಸಬೇಕು, ಬಿದ್ದಲ್ಲೇ ಬಿದ್ದ ವಸ್ತು ಅಂಗಡಿಗೆ ದರಿದ್ರ ಎಂದು ಅಪ್ಪ ನನಗೆ ಕಲಿಸಿದ್ದರು. ಹಾಗೆ ಒಂದು ವರ್ಷ ಎತ್ತುಗಳ ಹಬ್ಬ ಕಾರಹುಣ್ಣಿಮೆಯ ಮುಂದೆ ಅಟ್ಟ ತೆರವು ಮಾಡುತ್ತಿದ್ದಾಗ ತಡವಳ ಹಳ್ಳಿಯಿಂದ ನಮ್ಮ ಚಿಕ್ಕಪ್ಪನ ಮಗ ಬಂದಿದ್ದ. ಗೆಜ್ಜೆ ಅವನ ಕಣ್ಣಿಗೆ ಬಿತ್ತು.

"ಇವು ಸುಮ್ನ ಬಿದ್ದಾವಲ್ಲ ಅಣ್ಣಾ. ನಮ್ಮ ಎತ್ತಿನ ಕೊಳ್ಳಾಗ ಕಟ್ತೀನಿ. ಅಕ್ಕ ಕುಣಿಯೋದಂತೂ ಮುಗೀತು, ಇನ್ನ ನಮ್ಮ ಎತ್ತರೆ ಕುಣೀಲಿ."

ನಾನು ನಕ್ಕೆ. ನಕ್ಕು ಕೊಟ್ಟುಬಿಟ್ಟೆ.

ಈ ವರ್ಷ ಕಂದಲಗಾಂವದ ಒಬ್ಬ ಹುಡುಗಿ ಅಕ್ಕಲಕೋಟೆಯಲ್ಲಿ ಮೊದಲ ಸಲ ಒಬ್ಬಳೇ ಪೂರ್ತಿ ಕಾರ್ಯಕ್ರಮ ಕೊಡುವುದೆಂದು ನಿಶ್ಚಯವಾಯಿತು. ಎಳೆತನದಿಂದ ಬಸ್ಸು ಹಿಡಿದು ಬಂದು ಅಕ್ಕನ ಹತ್ತಿರ ಕಲಿತವಳು. ಅಕ್ಕ ಗೋಡೆ ಹಿಡಿದುಕೊಂಡು ಅಂಗಡಿಗೆ ಇಳಿದು ಬಂದಳು.

"ತಮ್ಮಾ, ಗೆಜ್ಜಿ ಇಳಿಸಿ ಕೊಡು. ನನ್ನ ಗುರುಗೋಳು ತಮ್ಮವು ನಂಗ ಕೊಟ್ಟಿದ್ರು. ನಾ ಆ ಪೋರಿಗಿ ಕೊಡ್ತೀನಿ."

ಅವು ಅವಳ ಗುರುಗಳವು ಎಂಬುದು ನನಗೆ ಆವಾಗಲೇ ತಿಳಿದದ್ದು. ಹುಡುಕಿ ಕೊಡುತ್ತೇನೆಂದು ಹೇಳಿ ಮೋಟರ್‌ಸೈಕಲ್ ಹತ್ತಿ ತಡವಳಕ್ಕೆ ಹೋದೆ.

"ಎತ್ತು ಮಾರಿ ಟ್ರ್ಯಾಕ್ಟರ್ ತಗೊಂಡೀನಲ್ಲ ಅಣ್ಣಾ," ಎಂದ ಚಿಕ್ಕಪ್ಪನ ಮಗ. "ಎತ್ತು ಕೊಡೂವಾಗ ಕೊಳ್ಳಾಗಿಂದು ಬಿಚ್ಚಿಕೋಬಾರದು. ಸಂತ್ಯಾಗ ಒಬ್ಬಾಂವ ಹೊಡಕೊಂಡು ಹೋದ. ಯಾರಂತ ಹೇಳಲಿ?"

ಇಲಿ ಕಡಿದವು ಎನ್ನೋಣವೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹಿತ್ತಾಳೆಯನ್ನು ಯಾವ ಇಲಿ ಕಡಿದೀತು? ಮೇಲಿನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ.

"ಅಕ್ಕಾ, ಗೆಜ್ಜಿ ಇಲ್ಲ. ತಡವಳದವಗ ಕೊಟ್ಟಿದ್ದೆ, ಎತ್ತಿಗಿ. ಎತ್ತಿನ ಜೋಡಿ ಹೋದ್ವು."

ಅವಳು ಕುರ್ಚಿಯಲ್ಲೇ ನನ್ನತ್ತ ತಿರುಗಿ, "ಅವ ಏನಂತ ಕೇಳಿದ?" ಎಂದಳು.

ಅಷ್ಟನ್ನು ಮುಚ್ಚಿಡಬಹುದಿತ್ತು. ಆದರೆ ಅವನ ಮಾತು ಹೇಳಿದೆ, ನಾನು ನಕ್ಕಿದ್ದನ್ನೂ ಹೇಳಿದೆ.

"ನೀ ಫ್ಯಾನ್ ಜೋರ್ ಮಾಡಿದ್ದು ಮ್ಯಾಲ ಗೊತ್ತಾಗ್ತಿತ್ತೋ ತಮ್ಮಾ," ಎಂದಳು ಅಕ್ಕ. "ಮೊದಲ ಮೊದಲ ಅಳು ಬರ್ತಿತ್ತು. ಆಮ್ಯಾಲ ಜೋರಾಗಿ ಹೆಜ್ಜಿ ಹಾಕ್ತಿದ್ದೆ."

ಬಯ್ದಿದ್ದರೆ ಹಗುರಾಗುತ್ತಿತ್ತು.

ಹೊಸ ಗೆಜ್ಜೆ ತರಿಸಿದೆವು. ಅಂಗಡಿಯಿಂದ ತಂದದ್ದನ್ನು ಹಾಗೆಯೇ ಶಿಷ್ಯೆಗೆ ಕೊಡಲು ಅವಳು ಒಪ್ಪಲಿಲ್ಲ. ಮೊದಲು ತನ್ನ ಕಾಲಿಗೆ ಕಟ್ಟೆಂದಳು. ಊದಿದ ಆ ಕಾಲುಗಳ ಮುಂದೆ ನಾನು ನೆಲಕ್ಕೆ ಕುಳಿತೆ.

"ಇದು ಚಾದರದ ಗಂಟು ಅಲ್ಲೋ, ರಕ್ತ ಹರೀಬೇಕು. ಸಡಲ ಮಾಡು."

ನನ್ನ ಹೆಗಲು ಹಿಡಿದು ಎದ್ದು ನಿಂತು, ಬಾಯಲ್ಲೇ ತಾಳ ಹೇಳಿಕೊಳ್ಳುತ್ತ ಅವಳು ಚೂರು ಹೆಜ್ಜೆ ಹಾಕಿದಳು. ಪ್ರತಿ ಹೆಜ್ಜೆಗೂ ನೋವು ಅವಳ ಕೈಯಿಂದ ನನ್ನ ಹೆಗಲಿಗೆ ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ನೋವಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವಳು ಕುಣಿಯುವಾಗಿನ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕಲಕೋಟೆಯಲ್ಲಿ ಆ ಗೆಜ್ಜೆ ಕಟ್ಟಿ ಹುಡುಗಿ ಚೆನ್ನಾಗಿ ಕುಣಿದಳೆಂದು ತಿಳಿದವರು ಹೇಳಿದರು. ಅಕ್ಕ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುವೆ ನನ್ನತ್ತ ಬಾಗಿ, "ಹಳೇವು ಇದಕ್ಕಿಂತ ಮೆತ್ತಗ ನುಡೀತಿದ್ವು, ನೆನಪದ ಇಲ್ಲೋ?" ಎಂದಳು.

"ಇಲ್ಲಕ್ಕಾ," ಎಂದೆ.