ಇಂಗ್ರಿಡ್ ತುಂಬಿಸಿಟ್ಟ ಹಾಡುಗಳು

ಡುಲೂತ್ ಊರಿನಲ್ಲಿ ಲಾರಿ ಓಡಿಸಿ ನಿವೃತ್ತನಾಗಿದ್ದ ಲೋವೆಲ್, ತೀರಿಕೊಂಡ ಹೆಂಡತಿ ಇಂಗ್ರಿಡ್‌ಳ ಮ್ಯೂಸಿಕ್ ಪ್ಲೇಯರನ್ನು ಮಾರಲು ಹಳೇ ಸಾಮಾನಿನ ಅಂಗಡಿಗೆ ತಂದ. ಅದರ ತುಂಬ ಅವಳು ಸಿಡಿಗಳಿಂದ ಇಳಿಸಿಕೊಂಡ ಹಾಡುಗಳಿದ್ದವು.

"ಪ್ಲೇಯರ್ ನಿಮ್ದು, ಮಾರ್ಬಹುದು ಯಜಮಾನ್ರೇ. ಆದ್ರೆ ಒಳಗಿರೋ ನಕಲು ಹಾಡು ಮಾರೋ ಹಾಗಿಲ್ಲ, ಕಾನೂನು ಒಪ್ಪಲ್ಲ. ಅಳಿಸಿ ಕೊಡಿ," ಅಂದಳು ಅಂಗಡಿಯ ಡೆಲ್ಫಿನ್.

"ಅಳಿಸೋಕೆ ಮುಂಚೆ ಒಂದ್ಸಲ ಕೇಳ್ಲಾ ತಾಯಿ? ಮನೇಲಿ ಒಬ್ನೇ ಹಾಕೋಕೆ ಧೈರ್ಯ ಬರ್ಲಿಲ್ಲ."

"ಕೂತ್ಕೊಳ್ಳಿ. ಅಂಗಡೀಲಿ ಗಿರಾಕಿ ಇದಾರೆ ಅಂತ ನೋಡ್ದೋರಾದ್ರೂ ಅಂದ್ಕೊಳ್ಳಲಿ."

ಮಾರಾಟಕ್ಕಿಟ್ಟಿದ್ದ ಸೋಫಾದ ಮೇಲೆ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು ಅವನು ಕಣ್ಣು ಮುಚ್ಚಿದ. ಬಾಗಿಲು ಹಾಕುವ ಹೊತ್ತಾದರೂ ಹಾಡುಗಳು ಮುಗಿದಿರಲಿಲ್ಲ.

"ಮಿಕ್ಕಿದ್ದು ನಾಳೆ ಬಂದು ಕೇಳಿ," ಅಂದಳು ಡೆಲ್ಫಿನ್.

ಮರುದಿನ ಬಂದ, ಅದರ ಮರುದಿನವೂ ಬಂದ. ಮಾರುವ ಮಾತನ್ನು ಇಬ್ಬರೂ ಎತ್ತಲಿಲ್ಲ.